ಮಗಳನ್ನು ಕರಕೊಂಡು ಊರು ಬಿಡುವ ಮುಂಚೆ

ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವ ದುರ್ಗಾಗೆ ಎಲ್ಲಾ ಸಾಕಾಗಿತ್ತು. ಗಂಡ ದೇವಾನಂದನಿಂದ ಬೇರೆಯಾಗಿ ಎರಡು ವರ್ಷ. ಎಂಟು ವರ್ಷದ ಮಗಳು ಚಿನ್ನು ತಾಯಿಯ ಹತ್ತಿರ ಇರಲಿ, ರವಿವಾರ ತಂದೆಯ ಜೊತೆ ಕಳೆಯಲಿ ಎಂದು ಕೋರ್ಟು ಹೇಳಿತ್ತು. ಈಗ ಸುರಪುರದ ಕಡೆ ಹಳ್ಳಿಯಲ್ಲಿ ದುರ್ಗಾಳ ತಾಯಿ ಅವ್ವಮ್ಮನಿಗೆ ಲಕ್ವಾ ಹೊಡೆದಿತ್ತು. ಚಿಕ್ಕಮ್ಮ ಸದ್ಯಕ್ಕೆ ನೋಡಿಕೊಳ್ಳುತ್ತಿದ್ದಳು, ಅವಳಿಗೂ ವಯಸ್ಸಾಗಿತ್ತು.

ದೇವಾನಂದನಿಗೆ ಹೇಳಿದರೆ ಮತ್ತೆ ಜಗಳ. ಹೇಳದೆ ಚಿನ್ನುವನ್ನು ಕರಕೊಂಡು ಹಳ್ಳಿಗೆ ಹೋಗಿ ನೆಲೆಸುವುದೇ ಸರಿ ಎಂದು ದುರ್ಗಾ ಬಟ್ಟೆ ಕಟ್ಟತೊಡಗಿದಳು. ಪಕ್ಕದ ಮನೆಯ ಸಾಬವ್ವ ನೋಡಿ, ಕೋರ್ಟಿಗೆ ತಿಳಿಸಿದೆಯಾ ಎಂದು ಕೇಳಿದಳು.

"ಹಡದಾಕಿ ನಾನು. ಯಾರನ್ನ ಕೇಳಬೇಕು?"

ಮರುದಿನ ಸಾಬವ್ವ ಅವಳನ್ನು ಉಚಿತ ಕಾನೂನು ನೆರವಿನ ಕಚೇರಿಗೆ ಕರೆದೊಯ್ದಳು. ಅಲ್ಲಿದ್ದ ವಕೀಲೆ ನೀಲಿಮಾ ಧಾರವಾಡದವರು. ಕೇಳದೆ ಹೋದರೆ ರವಿವಾರದ ಭೇಟಿ ತಪ್ಪುತ್ತದೆ, ಅಂದರೆ ಕೋರ್ಟಿನ ಆದೇಶ ಮುರಿದ ಹಾಗೆ; ದೇವಾನಂದ ದೂರು ಕೊಟ್ಟರೆ ಮಗುವನ್ನು ವಾಪಸ್ ತರಬೇಕಾಗಬಹುದು ಎಂದು ಬಿಡಿಸಿ ಹೇಳಿದರು.

"ಹೋಗಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ಕೇಳಿ ಹೋಗ್ರಿ ಅಂತೀನಿ."

"ಮತ್ತ ಕೋರ್ಟಾ? ನನ್ನ ಕಾಲಾಗ ಶಕ್ತಿ ಇಲ್ರೀ."

ನೀಲಿಮಾ ನೀರು ಕೊಟ್ಟರು. ಆಮೇಲೆ ಇಬ್ಬರೂ ಕೂತು, ಮಗುವನ್ನು ಊರಿಗೆ ಕರೆದೊಯ್ಯಲು ಅನುಮತಿ ಕೇಳಿ ಅರ್ಜಿ ಬರೆದರು.

ದೂರ ಹೋದರೆ ಮಗಳು ತನ್ನನ್ನು ಮರೆಯುತ್ತಾಳೆ ಎಂದು ದೇವಾನಂದ ಕೋರ್ಟಿನಲ್ಲಿ ತಕರಾರು ತೆಗೆದ. ನ್ಯಾಯಾಧೀಶರು ಚಿನ್ನುವನ್ನು ಒಳಗೆ ಕರೆದು ಒಬ್ಬಳನ್ನೇ ಮಾತಾಡಿಸಿದರು. ನಂತರ ತಂದೆತಾಯಿಗೆ ಒಂದೇ ಮಾತು ತಿಳಿಸಿದರು. ಅಪ್ಪ ಬೇಕೋ ಅವ್ವ ಬೇಕೋ ಎಂದು ಮನೆಯಲ್ಲಿ ಕೇಳುವುದನ್ನು ನಿಲ್ಲಿಸಿ ಎಂದು ಹುಡುಗಿ ಬೇಡಿಕೊಂಡಿದ್ದಳು. ದುರ್ಗಾ ನೆಲ ನೋಡಿದಳು. ದೇವಾನಂದನೂ ಅಷ್ಟೇ. ಇಬ್ಬರೂ ಮಗಳಿಗೆ ಆ ಪ್ರಶ್ನೆ ಹಾಕಿದ್ದರು.

ಶಾಲೆಯ ವರ್ಷ ಮುಗಿದ ಮೇಲೆ ಹೋಗಬಹುದು ಎಂದು ಆದೇಶವಾಯಿತು. ಬೇಸಿಗೆ ರಜೆಯ ಹೆಚ್ಚಿನ ಭಾಗ ತಂದೆಯ ಹತ್ತಿರ, ರವಿವಾರ ವಿಡಿಯೋ ಕಾಲ್, ತಂದೆ ಹಳ್ಳಿಗೆ ಬಂದರೆ ತಡೆಯುವಂತಿಲ್ಲ. ದುರ್ಗಾಗೆ ಕಾಯುವ ಸಂಕಟ, ದೇವಾನಂದನಿಗೆ ಅಗಲುವ ಸಂಕಟ. ಯಾರೂ ಗೆದ್ದ ಹಾಗೆ ಅನ್ನಿಸಲಿಲ್ಲ.

ಹೊರಡುವ ದಿನ ದೇವಾನಂದ ಬಸ್ ಸ್ಟ್ಯಾಂಡಿಗೆ ಬಂದ. ಚಿನ್ನುವನ್ನು ಕಿಟಕಿಯ ಹತ್ತಿರ ಕೂಡಿಸಿದ.

"ರವಿವಾರ ಫೋನ್ ಹಚ್ಚಿಕೊಡು," ಎಂದ.

"ಹಚ್ಚಿಕೊಡ್ತೀನಿ," ಎಂದಳು ದುರ್ಗಾ.

ಬೆನ್ನ ಹಿಂದೆ ಯಾರಾದರೂ ಬರುತ್ತಾರೆಂಬ ಅಂಜಿಕೆ ಇರಲಿಲ್ಲ. ಬಸ್ಸು ಪುಣೆ ದಾಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತು.

ಅಕ್ಕಂದಿರೆ, ಅಣ್ಣಂದಿರೆ, ನೀವು ಬೇರೆಯಾಗಿ ಬಾಳುತ್ತಿದ್ದರೆ, ಮಗುವನ್ನು ಬೇರೆ ಊರಿಗೆ ಕರೆದೊಯ್ಯುವ ಮುಂಚೆ ಕೋರ್ಟನ್ನು ಕೇಳಿ. ಜೀವಕ್ಕೆ ಅಪಾಯವಿದ್ದರೆ ಮೊದಲು ಸುರಕ್ಷಿತ ಜಾಗ ಸೇರಿ, ತಡಮಾಡದೆ ವಕೀಲರಿಗೆ ತಿಳಿಸಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ದಣಿದಿದ್ದರೂ ಅಲ್ಲಿಯ ತನಕ ಒಮ್ಮೆ ಹೋಗಿ ಬನ್ನಿ.