ಸುಶೀಲಾಳ ಬಲ ಹೆಬ್ಬೆಟ್ಟು

"ಮುಚ್ಚಮ್ಮಾ ಆ ಕೋಳಿಕಾಲನ್ನ! ಫಾರಿನ್ ಬೈಯರ್‌ಗಳು ಬರ್ತಾವ್ರೆ, ನೋಡಿದ್ರೆ ವಾಂತಿ ಮಾಡ್ಕೋತಾರೆ."

ಹೀಗಂದವರು ದಿಲ್ಲಿಯ ಓಖ್ಲಾದಲ್ಲಿರುವ ನಮ್ಮ ಗಾರ್ಮೆಂಟ್ಸಿನ ಮ್ಯಾನೇಜರ್ ಜಗನ್ನಾಥ ಸಾರು. ನಮ್ಮ ತುಮಕೂರಿನ ಕಡೆಯವರೇ. ಕನ್ನಡದಲ್ಲೇ ಬೈಯುತ್ತಾರೆ, ಅದೊಂದು ಉಪಕಾರ. ಕೋಳಿಕಾಲೆಂದರೆ ನನ್ನ ಬಲಗೈ. ಹೋದ ವರ್ಷ ಇಸ್ತ್ರಿ ಮಿಷನ್ನಿನ ಬಿಸಿ ಹಲಗೆ ತಾನಾಗಿ ಬಿದ್ದು ಕೈ ಬೆಂದಿತ್ತು. ಗಾಯ ಮಾಯುತ್ತಾ ಚರ್ಮ ಸೆಳೆದು ಐದೂ ಬೆರಳು ಅಂಗೈಗೆ ಅಂಟಿಕೊಂಡವು. ಅಂದಿನಿಂದ ನನಗೆ ಕಸ ಗುಡಿಸುವ ಕೆಲಸ, ಆ ಮಿಷನ್ನಿಗೆ ನನ್ನ ಜೊತೆಗಾತಿ ಶಾರದಾ. ಮಿಷನ್ ಮಾತ್ರ ಹಾಗೇ ಇದೆ.

ಲೇಬರ್ ಆಫೀಸಿನವರು ಇನ್ನಾರು ತಿಂಗಳಲ್ಲಿ ವಿಚಾರಣೆಗೆ ಬರುತ್ತಾರೆಂದು ಗೊತ್ತಾದದ್ದೇ ಸಾರು ಒಂದು ಕಾಗದ ತಂದರು. ಮನೆಯ ಸ್ಟವ್ ಸಿಡಿದು ನನ್ನ ಕೈ ಸುಟ್ಟಿತೆಂದು ಅದರಲ್ಲಿ ಬರೆದಿದೆಯೆಂದು ಹಿಂದಿ ಬಲ್ಲ ಶಾರದಾ ಓದಿ ಹೇಳಿದಳು. ಹೆಂಗಸರದು ಬಲ ಹೆಬ್ಬೆಟ್ಟೇ ಆಗಬೇಕೆಂದು ವಕೀಲರು ಹೇಳಿದ್ದಾರಂತೆ. ನನ್ನದೋ ಮುಷ್ಟಿಯೊಳಗೆ ಹೂತುಹೋಗಿದೆ! ಎಳೆದು ನೋಡಿದರು, ಬರಲಿಲ್ಲ. ಕೊನೆಗೆ ಅವರೇ ಓಡಾಡಿ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ನಗು ತಡೆಯಲಾಗಲಿಲ್ಲ ನನಗೆ.

ಡಾಕ್ಟರು ಸೆಳೆದ ಚರ್ಮ ಬಿಡಿಸಿ, ತೊಡೆಯ ಚರ್ಮ ತಂದು ಹೊಲಿದು, ಬೆರಳುಗಳಿಗೆ ತಂತಿ ತೂರಿಸಿ ನೆಟ್ಟಗೆ ನಿಲ್ಲಿಸಿದರು. ತಂತಿ ತೆಗೆದ ಮೇಲೆ ಎರಡು ತಿಂಗಳು ವ್ಯಾಯಾಮ. ಬಟಾಣಿ ಹೆಕ್ಕು, ಹಿಟ್ಟು ಹಿಸುಕು, ಅಂಗೈಯನ್ನು ಮೇಜಿಗೆ ಒತ್ತು. ನೋವಿಗೆ ಡಾಕ್ಟರ ವಂಶವನ್ನೇ ಬೈದೆ. ಕನ್ನಡ ಬಾರದ ಅವರು "ಬಹುತ್ ಅಚ್ಛಾ" ಎಂದು ನಕ್ಕರು. ಒಂದು ಬೆಳಿಗ್ಗೆ ಅಂಗೈ ಪೂರಾ ಮೇಜಿಗೆ ಕೂತಿತು. ನಾಚಿಕೆ ಬಿಟ್ಟು ಗೊಳೋ ಎಂದು ಅತ್ತೆ.

ಮಧ್ಯಾಹ್ನವೇ ಸಾರು ಹಾಜರ್. ಕೈಯಲ್ಲಿ ಅದೇ ಕಾಗದ, ದೊಡ್ಡ ಸ್ಟಾಂಪ್ ಪ್ಯಾಡು. ಸಾಕ್ಷಿಗೆಂದು ಶಾರದಾಳನ್ನೂ ಎಳೆತಂದಿದ್ದರು.

"ಒತ್ತಮ್ಮಾ ಬೇಗ. ಒತ್ತಿದ್ರೆ ನಾಳೆನೇ ಕೆಲ್ಸ. ಇಲ್ಲಾಂದ್ರೆ ಗಂಟುಮೂಟೆ ಕಟ್ಟು."

"ಆ ಮಿಷನ್ನು ರಿಪೇರಿ ಮಾಡ್ಸಿದ್ರಾ ಸಾ? ಈಗ ಶಾರದಾ ನಿಂತವ್ಳೆ ಅಲ್ಲಿ."

"ಅದು ನಿಂಗ್ಯಾಕೇ, ಬೇವರ್ಸಿ? ನಿನ್ ಕೈ ನೆಟ್ಟಗೆ ಮಾಡಿಸ್ದೋನು ನಾನು!"

"ಹೌದಲ್ವಾ" ಅಂದೆ. ಇಡೀ ಅಂಗೈಯನ್ನು ಪ್ಯಾಡಿಗೆ ತಿಕ್ಕಿದೆ. ಬೆರಳು ಅಗಲಿಸಿ ಅವರ ಬರಹದ ಮೇಲಿಟ್ಟು, ಡಾಕ್ಟರು ಕಲಿಸಿದಂತೆ ಹತ್ತರವರೆಗೆ ಎಣಿಸಿದೆ. ಕೈ ಎತ್ತಿದಾಗ ಓದಲು ಒಂದು ಸಾಲೂ ಉಳಿದಿರಲಿಲ್ಲ.

"ತಗಳಿ ಸಾ. ಒಂದ್ ಕೇಳಿದ್ರಿ, ಐದೂ ಕೊಟ್ಟಿದೀನಿ."

ಸಾರು ಅಂಗಿಯ ತೋಳಿನಿಂದ ಒರೆಸಹೋದರು. ಅಂಗಿಯೂ ಹಾಳಾಯಿತು. ಅಷ್ಟರಲ್ಲಿ ಶಾರದಾ ಸೆರಗು ಸಿಕ್ಕಿಸಿ ಮುಂದೆ ಬಂದು ತನ್ನ ಅಂಗೈಯನ್ನೂ ಪ್ಯಾಡಿಗೆ ತಿಕ್ಕಿದಳು.

"ವಸಿ ಸರ್ಕೊಳ್ಳಿ ಸಾ, ಸಾಕ್ಷಿ ಹಾಕ್ಬೇಕು."