ಮೀಟರಣ್ಣನ ಜೇಬು

"ಅದನ್ನ ನೀರಿಗೆ ಹಾಕ್ಬೇಡ, ಕೊಡು ಇಲ್ಲಿ!" ಎಂದು ಅವಳು ತಮ್ಮನ ಕೈಯಿಂದ ಅಂಗಿಯನ್ನು ಕಿತ್ತುಕೊಂಡಳು.

ಗಂಡನ ಹೆಣ ನಡುಮನೆಯಲ್ಲಿತ್ತು. ಮಡಿಕೆಯ ಗೆರೆ ಮಾಸದ ಹೊಸ ಬಟ್ಟೆ ತೊಡಿಸಿಯಾಗಿತ್ತು. ತಮ್ಮ ಪಾಪ, ಬಂದವರ ಕಣ್ಣಿಗೆ ಬೀಳದಿರಲಿ ಎಂದು ಮೊಳೆಯ ಮೇಲಿದ್ದ ನಿನ್ನೆಯ ಕೊಳೆ ಅಂಗಿಯನ್ನು ಬಕೆಟ್ಟಿಗೆ ಹಾಕಲು ಹೊರಟಿದ್ದ. ಅವಳು ಎಡಜೇಬಿಗೆ ಕೈ ಹಾಕಿದಳು. ಸಿಕ್ಕಿದ್ದು ಹೆಬ್ಬೆರಳ ಗಾತ್ರದ ಕಪ್ಪು ಪ್ಲಗ್ಗು, ಅದಕ್ಕೆ ಸಿಪ್ಪೆ ಸವೆದುಹೋದ ಗೇಣುದ್ದ ತಂತಿ. ಬೆಳಗಿನಿಂದ ಅವಳು ಅತ್ತಿದ್ದು ಗಂಡ ಹೋದನೆಂದು. ಈಗ ಹೆದರಿದ್ದು ಬೇರೆಯೇ ಕಾರಣಕ್ಕೆ.

ಕೆಲಸದವರಿಗೆಲ್ಲ ಅವನು ಮೀಟರಣ್ಣ. ಕೊರಳಲ್ಲಿ ತಾಳಿಯ ಹಾಗೆ ಸದಾ ಕರೆಂಟು ಅಳೆಯುವ ಒಂದು ಮೀಟರು. ಮಣ್ಣು ತೋಡುವ, ಭಾರ ಎತ್ತುವ ದೊಡ್ಡ ದೊಡ್ಡ ಮಷೀನುಗಳು ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ಅವನಿಗೆ ಫೋನು ಬರುತ್ತಿತ್ತು. ಇಂಜಿನ್ ಸರಿಯಿರುತ್ತದೆ, ಆಯಿಲ್ ಸರಿಯಿರುತ್ತದೆ, ಆದರೂ ಮಷೀನು ಅಲುಗದು. ಒಳಗಿನ ಕಂಪ್ಯೂಟರ್ ಪೆಟ್ಟಿಗೆಗಳು ಒಂದಕ್ಕೊಂದು ಮಾತು ಬಿಟ್ಟಿರುತ್ತವೆ. "ಕೂಡುಕುಟುಂಬ ಕಣೇ ಅದು. ಒಬ್ಬ ಸೊಸೆ ಮುನಿಸ್ಕೊಂಡು ಬಾಯಿ ಮುಚ್ಚಿದ್ರೆ ಸಾಕು, ಮನೇಲಿ ಒಲೆನೇ ಹತ್ತಲ್ಲ" ಎನ್ನುತ್ತಿದ್ದ. ಮುನಿದವಳು ಯಾರೆಂದು ಪತ್ತೆ ಹಚ್ಚುವುದೇ ಅವನ ಕಸುಬು. ಬೇರೆಯವರು ಸಿಕ್ಕಿದ್ದನ್ನೆಲ್ಲ ಬದಲಾಯಿಸಿ ಕೈ ತೊಳೆದುಕೊಂಡಾಗ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದು ನಗುತ್ತಿದ್ದ. ಅವನು ಒಂದೊಂದೇ ಪ್ಲಗ್ಗನ್ನು ಬಿಚ್ಚಿ, ಆ ಜಾಗಕ್ಕೆ ಎಲ್ಲ ಸರಿಯಿದೆ ಎಂದು ಮಷೀನನ್ನು ನಂಬಿಸುವ ತನ್ನದೊಂದು ಸುಳ್ಳು ಪ್ಲಗ್ಗು ಸಿಕ್ಕಿಸಿ, ಉಳಿದವು ಮಾತಾಡುತ್ತವೋ ಎಂದು ನೋಡುತ್ತಿದ್ದ. ಬಿಚ್ಚಿದ್ದು ಎಡಜೇಬಿಗೆ ಹೋಗಬೇಕು. ಆ ಜೇಬು ಖಾಲಿಯಾಗದೆ ಮನೆಗೆ ಬರುವುದಿಲ್ಲ ಎಂಬುದು ಅವನು ತನಗೆ ತಾನೇ ಹಾಕಿಕೊಂಡ ಕಟ್ಟು. ನಿನ್ನೆಯೊಂದು ದಿನ ಅದು ತಪ್ಪಿತ್ತು.

*

ನಿನ್ನೆ ಸಂಜೆ ಅವನು ಬೂಟು ಬಿಚ್ಚದೆ ಹೊಸ್ತಿಲ ಮೇಲೆ ಕೂತಿದ್ದ.

"ಇನ್ನೊಂದ್ಸಲ ಹೋಗ್ಬಿಟ್ಟು ಬರ್ತೀನಿ ಕಣೇ. ಒಂದು ಕ್ರೇನಿಗೆ ಸುಳ್ಳು ಪ್ಲಗ್ ಹಾಕಿ ಹಾಗೇ ಬಿಟ್ಟು ಬಂದಿದೀನಿ. ಪಕ್ಕಕ್ಕೆ ಸರಿಸ್ಕೊಳ್ತೀವಿ ಅಷ್ಟೇ, ಏನೂ ಎತ್ತಲ್ಲ ಅಂದ್ರು. ನಾನು ಒಪ್ಪಬಾರ್ದಿತ್ತು."

"ಒಪ್ಪಿದ್ರೆ ಏನಾಗುತ್ತೆ?"

"ತೂಕ ಹೇಳೋ ಪೆಟ್ಟಿಗೆ ಪ್ಲಗ್ಗು ಅದು. ಭಾರ ಜಾಸ್ತಿಯಾದ್ರೆ ಕೂಗ್ಬೇಕು, ಮಷೀನ್ ನಿಲ್ಲಿಸ್ಬೇಕು. ಈಗ ಬೆಟ್ಟ ಹೊರಿಸಿದ್ರೂ ಅದಕ್ಕೆ ಹಗುರ ಅಂತಲೇ ಅನ್ಸುತ್ತೆ."

ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹಣೆಯಲ್ಲಿ ಬೆವರಿತ್ತು. ಎದೆಯನ್ನು ಸುಮ್ಮನೆ ಉಜ್ಜಿಕೊಳ್ಳುತ್ತಿದ್ದ.

"ಕನ್ನಡೀಲಿ ಮುಖ ನೋಡ್ಕೊಳ್ಳಿ ಮೊದ್ಲು. ಊಟ ಮಾಡಿ ಮಲಗಿ. ಬೆಳಿಗ್ಗೆ ತನಕ ಮಷೀನೇನು ಓಡಿ ಹೋಗುತ್ತಾ?" ಎಂದು ಅವಳೇ ಗದರಿದಳು.

ಮರುಮಾತಾಡದೆ ಬೂಟು ಬಿಚ್ಚಿದ. ಮರುಮಾತಾಡದೆ ಇರುವುದು ಅವನ ಜಾಯಮಾನವೇ ಅಲ್ಲ, ಅದೂ ಅವಳಿಗೆ ಹೊಳೆಯಲಿಲ್ಲ. ಯಾವ ಸೈಟು ಎಂದೂ ಕೇಳಲಿಲ್ಲ. ಬೆಳಿಗ್ಗೆ ಎಬ್ಬಿಸಲು ಹೋದರೆ ಏಳಲಿಲ್ಲ.

*

ಅವಳು ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು ಹೆಣದ ಪಕ್ಕ ಕೂತಳು. ಬಂದವರೆಲ್ಲ ಅವನನ್ನು ಹೊಗಳುವವರೇ. ಕ್ವಾರಿಯವನು ಕೈ ಮುಗಿದ. "ನಿಮ್ದು ಕ್ರೇನ್ ಇದೆಯೇನಣ್ಣ?" ಎಂದು ಕೇಳಿದಳು. ಗಂಡ ಸತ್ತ ದಿನ ಹೀಗೆ ಕೇಳುವವಳನ್ನು ಕಂಡು ಅವನು ತಬ್ಬಿಬ್ಬಾದ. "ಇಲ್ಲಮ್ಮ, ನಮ್ದು ಬರೀ ಕಲ್ಲು ಅಗೆಯೋದು."

ಆಮೇಲೆ ಕ್ರೇನ್ ಮಾಲೀಕ ಬಂದ. ದೊಡ್ಡ ಹಾರ ಹಾಕಿ ನಿಜವಾಗಿಯೂ ಬಿಕ್ಕಿಬಿಕ್ಕಿ ಅತ್ತ. "ಏನು ಕೈಗುಣಾನಮ್ಮ ಅವರದು! ನಿನ್ನೆ ಬಂದು ಮುಟ್ಟಿ ಹೋದ್ರು ನೋಡಿ, ಇವತ್ತು ಬೆಳಗಿಂದ ಒಂದ್ಸಲನಾದ್ರೂ ಕುಯ್ಯೋ ಅಂದಿದ್ರೆ ಕೇಳಿ. ಎಂತೆಂಥ ಕಬ್ಬಿಣದ ತೊಲೆ, ಹೂವೆತ್ತಿದ ಹಾಗೆ ಎತ್ತುತಾ ಇದೆ."

ಅವಳು ಮುಷ್ಟಿ ಬಿಚ್ಚಿ ತೋರಿಸಿದಳು. "ಅದು ರಿಪೇರಿ ಆಗಿಲ್ಲ. ಏನೂ ಎತ್ತಲ್ಲ ಅಂತ ನೀವೇ ಮಾತು ಕೊಟ್ಟಿದ್ರಂತೆ. ನಿಲ್ಲಿಸಿ, ಈಗಲೇ ಫೋನ್ ಮಾಡಿ."

ಮಾಲೀಕ ಪ್ಲಗ್ಗನ್ನು ನೋಡಿದ, ಸುತ್ತ ನಿಂತವರನ್ನು ನೋಡಿದ. "ದುಃಖದಲ್ಲಿ ಏನೇನೋ ಅನ್ಸುತ್ತಮ್ಮ. ಇವತ್ತು ತೊಲೆಗಳು ಕೂರಲೇಬೇಕು. ನಾಡಿದ್ದು ಕಂಪನಿಯವರನ್ನ ಕರೆಸಿ ತೋರಿಸ್ತೀನಿ, ಆಯ್ತಾ?"

"ನಾಡಿದ್ದಿನ ತನಕ ಕೆಳಗಡೆ ಜನ ಓಡಾಡಲ್ವಾ?"

ತಮ್ಮ ಅವಳ ತೋಳು ಹಿಡಿದು ಪಿಸುಗುಟ್ಟಿದ. "ಅಕ್ಕಾ, ಸುಮ್ನಿರು. ಅರ್ಧಂಬರ್ಧ ಕೆಲಸ ಮಾಡಿ ಹೋದ್ರು ಅಂತ ನೀನೇ ಸಾರ್ತಿದೀಯಲ್ಲ. ಭಾವನ ಹೆಸರಿಗೆ ಇವತ್ತೇ ಮಸಿ ಬಳೀಬೇಕಾ?"

ಅವಳು ಗಂಡನ ಮುಖ ನೋಡಿದಳು. ಬದುಕಿದ್ದರೆ ಈ ಹೊತ್ತಿಗೆ ಚಪ್ಪಲಿಯೂ ಇಲ್ಲದೆ ಓಡಿರುತ್ತಿದ್ದ. "ಬಳಿದ್ರೆ ಬಳಿಯಲಿ ಬಿಡು," ಎಂದಳು. ಆದರೆ ಅಷ್ಟರಲ್ಲಿ ಹೆಣ ಎತ್ತಲು ನಾಲ್ಕು ಜನ ಬಗ್ಗಿದ್ದರು, ಮಾಲೀಕ ಹೊರಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದ. ನಿಲ್ಲಿಸಲು ಹೇಳುತ್ತಿದ್ದಾನೆ ಎಂದು ಅವಳ ಹುಚ್ಚು ಮನಸ್ಸು ಆಸೆಪಟ್ಟಿತು.

ನಿಲ್ಲಿಸಲೇನೋ ಹೇಳಿದ್ದ. ಸ್ಮಶಾನದ ದಾರಿಯಲ್ಲಿ ಹೆಣದ ವ್ಯಾನು ಸೈಟಿನ ಮುಂದೆ ಬಂದಾಗ ಇಂಜಿನ್ನುಗಳೆಲ್ಲ ಸುಮ್ಮನಾಗಿದ್ದವು. ಕೆಲಸದವರು ಹೆಲ್ಮೆಟ್ ತೆಗೆದು ತಲೆ ಬಗ್ಗಿಸಿ ಸಾಲಾಗಿ ನಿಂತಿದ್ದರು. ಮೀಟರಣ್ಣನಿಗೆ ಅವರು ಕೊಟ್ಟ ಗೌರವ ಅದು. ಗೌರವ ಮುಗಿದ ಮೇಲೆ ಕೆಲಸ ಶುರುವಾಗುತ್ತದೆ.

ಅವಳು ವ್ಯಾನಿನಿಂದ ಇಳಿದೇಬಿಟ್ಟಳು. ಕ್ರೇನಿನ ಆಪರೇಟರ್ ತಾನೇ ಮುಂದೆ ಬಂದ. ಮದುವೆಗೆ ಬಂದ ಮಗಳಿರುವ ವಯಸ್ಸಿನ ಮನುಷ್ಯ, ಅವಳ ಮನೆಯಲ್ಲಿ ಎಷ್ಟೋ ಸಲ ಉಂಡವನು. ಅವಳು ಪ್ಲಗ್ಗು ತೋರಿಸಿದಳು. ಹೇಳುವುದೇ ಬೇಕಾಗಲಿಲ್ಲ.

"ಗೊತ್ತು ಅತ್ತಿಗೆ. ಭಾರದ ತೊಲೆ ಎತ್ತಿದಾಗ್ಲೂ ಕ್ರೇನು ಬಾಯಿ ಬಿಡ್ಲಿಲ್ಲ. ಹಿಂದಿನ ಚಕ್ರ ನೆಲ ಬಿಟ್ಟು ಒಂಚೂರು ಎದ್ದಿತ್ತು."

"ಹಾಗಿದ್ರೆ ಆ ಸುಳ್ಳು ಪ್ಲಗ್ ಕಿತ್ತು ಬಿಸಾಕಪ್ಪ! ತಾನಾಗೇ ನಿಲ್ಲುತ್ತೆ."

"ಅಲ್ಲಿ ಪ್ಲಗ್ಗುಗಳ ಸಂತೆನೇ ಇದೆ. ಯಾವುದು ನಿಜ, ಯಾವುದು ಸುಳ್ಳು ಅಂತ ಅಣ್ಣನಿಗೆ ಬಿಟ್ರೆ ಯಾರಿಗೆ ಗೊತ್ತು? ಬೇರೇನೋ ಕಿತ್ತು ಬ್ರೇಕೇ ಹೋದ್ರೆ?"

"ಹತ್ತಬೇಡ ಹಾಗಾದ್ರೆ. ನಿನ್ನ ಕಾಲಿಗೆ ಬೀಳ್ತೀನಿ."

ಅವನು ಸರ್ರನೆ ಹಿಂದೆ ಸರಿದ. "ಛೆ ಛೆ, ಬಿಡ್ತು ಅನ್ನಿ ಅತ್ತಿಗೆ. ನಾನು ಹತ್ತಲ್ಲ ಅಂದ್ರೆ ಇನ್ನೊಬ್ಬ ಹತ್ತುತಾನೆ. ಮಾಲೀಕರಿಗೆ ಹೇಳಿ ನೋಡಿದೆ, ಮನೆಗೆ ಹೋಗು ಅಂದ್ರು. ಬರೋನಿಗೆ ಇಷ್ಟೂ ಗೊತ್ತಿರಲ್ಲ. ನಾನಾದ್ರೆ ನಿಧಾನಕ್ಕೆ ಎತ್ತುತೀನಿ. ಕೆಳಗಿರೋರನ್ನ ಬೈದು ದೂರ ಓಡಿಸ್ತೀನಿ."

ವ್ಯಾನಿನವನು ಹಾರ್ನ್ ಒತ್ತಿದ. ತಮ್ಮ ಬಂದು ಅವಳ ಹೆಗಲು ಹಿಡಿದು ಕರೆದೊಯ್ದ. ಅವಳು ಜಗ್ಗಿಕೊಳ್ಳಲಿಲ್ಲ. ಜಗ್ಗಿಕೊಂಡು ಹೋಗುವುದಾದರೂ ಎಲ್ಲಿಗೆ? ಒಂದು ಕಡೆ ಮಣ್ಣಾಗಬೇಕಾದ ಗಂಡ, ಇನ್ನೊಂದು ಕಡೆ ಅವನು ಬಿಟ್ಟುಹೋದ ಕೆಲಸ. ಎರಡರಲ್ಲಿ ಒಂದೂ ಅವಳ ಕೈಯಲ್ಲಿರಲಿಲ್ಲ.

ವ್ಯಾನು ಹೊರಟಿತು. ಹಿಂದಿನ ಗಾಜಿನಲ್ಲಿ ಅವಳು ನೋಡುತ್ತಲೇ ಇದ್ದಳು. ಹೆಲ್ಮೆಟ್ಟುಗಳು ತಲೆಗೇರಿದವು. ಇಂಜಿನ್ ಹೊಗೆ ಉಗುಳಿತು. ಆಪರೇಟರ್ ಮೇಲೆ ಹತ್ತಿ, ಕ್ಯಾಬಿನ್ನಿನ ಬಾಗಿಲು ಮುಚ್ಚಿಕೊಳ್ಳದಂತೆ ಟವೆಲ್ಲಿನಿಂದ ಪಕ್ಕದ ಸರಳಿಗೆ ಬಿಗಿಯಾಗಿ ಕಟ್ಟಿದ. ಆಮೇಲೆ ಕೂತ. ತೊಲೆ ನೆಲ ಬಿಟ್ಟು ಮೇಲೆದ್ದಿತು, ಯಾವ ಕೂಗೂ ಕೇಳಿಸಲಿಲ್ಲ. ಅವನ ಒಂದು ಕಾಲು ಒಳಗಿತ್ತು, ಇನ್ನೊಂದು ಹೊರಗಿನ ಮೆಟ್ಟಿಲ ಮೇಲಿತ್ತು.