ಬಾವಿಯ ಹಗ್ಗ ಕೆರೆಗೆ ಹೋದ ದಿನ

ನಮ್ಮ ಕಡೆ ಬೇಸಿಗೆ ರಜೆ ಬಂತೆಂದರೆ ಯಾವುದಾದರೂ ಕೆರೆಯಿಂದ ಕೆಟ್ಟ ಸುದ್ದಿ ಬಂದೇ ಬರುತ್ತದೆ. ಒಬ್ಬ ಮುಳುಗುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಹಾರುತ್ತಾನೆ. ಸಂಜೆಗೆ ಎರಡು ಮನೆಗಳಲ್ಲಿ ಅಳು. ಹಾರಿದವನ ಧೈರ್ಯವನ್ನು ಊರೆಲ್ಲ ಹೊಗಳುತ್ತದೆ. ಆ ಹೊಗಳಿಕೆಯಿಂದ ಅವನ ಮಕ್ಕಳ ಹೊಟ್ಟೆ ತುಂಬುತ್ತದೆಯೇ? ನನಗೆ ಸಿಟ್ಟು ಬರುವುದು ಅಲ್ಲೇ.

ಪುಂಜಾಲಕಟ್ಟೆಯ ಭೋಜನೂ ಹೀಗೆ ನೀರಿಗೆ ಹಾರುವವನೇ. ಮಳೆಗಾಲದ ನೇತ್ರಾವತಿಯನ್ನು ಈಜಿ ದಾಟಿದವನೆಂದು ಹೆಸರು ಬೇರೆ. ೧೯೬೨ರ ಏಪ್ರಿಲ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ಅವನ ಅಂಗಳಕ್ಕೆ ಗೆಳೆಯ ಇಬ್ರಾಹಿಂ ಕಾರು ತಂದು ನಿಲ್ಲಿಸಿದ. ಇಬ್ರಾಹಿಂ ಮೊದಲು ಮಂಗಳೂರಿನ ಸರಕಿನ ಹಾಯಿಹಡಗಿನಲ್ಲಿದ್ದವ. ಈಗ ಬಾಡಿಗೆ ಕಾರು ಓಡಿಸುತ್ತಾನೆ.

"ಇವತ್ತಿನ ಮದುವೆ ದಿಬ್ಬಣದ ಬಾಡಿಗೆ ಮುಂದಿನ ವಾರಕ್ಕೆ ಹೋಯಿತು ಮಾರಾಯ. ಪೆಟ್ರೋಲ್ ಹಾಕಿ ಆಗಿದೆ. ಎಲ್ಲಿಗಾದರೂ ಹೋಗುವ."

ಭೋಜನ ಹೆಂಡತಿ ಪದ್ಮಾಕ್ಷಿಯ ತಮ್ಮ ಧರ್ಣಪ್ಪ ವಾಮದಪದವಿನಿಂದ ಅಕ್ಕನ ಮನೆಗೆ ಬಂದಿದ್ದ. "ಘಾಟಿಯ ಮೇಲೆ ಹುಲ್ಲುಗುಡ್ಡಗಳ ನಡುವೆ ಒಂದು ಕೆರೆ ಉಂಟಂತೆ ಭಾವ. ಅಲ್ಲಿಗೇ ಹೋಗುವ" ಎಂದ.

ಕೆರೆ ಎಂದು ಕೇಳಿದ್ದೇ ಇಬ್ರಾಹಿಂ ಬಾವಿಕಟ್ಟೆಯ ಕಡೆ ನೋಡಿದ. "ಪದ್ಮಾಕ್ಷಿಯಕ್ಕ, ನಿಮ್ಮ ಬಾವಿಯ ಹಗ್ಗ ಕೊಡಿ. ಸುಲಿಯದ ಒಣ ತೆಂಗಿನಕಾಯಿ ಎರಡು ಇದ್ದರೆ ಅದೂ ಬೇಕು."

"ಹಗ್ಗ ಕೊಟ್ಟರೆ ನಾನು ನೀರು ಸೇದುವುದು ಹೇಗೆ?" ಎಂದಳು ಪದ್ಮಾಕ್ಷಿ.

ಭೋಜ ಬಿದ್ದು ಬಿದ್ದು ನಕ್ಕ. ಜೋಡಿ ಒಣಕಾಯಿ ನಮ್ಮಲ್ಲಿ ಈಜು ಕಲಿಯುವ ಮಕ್ಕಳ ಸೊಂಟಕ್ಕೆ ಕಟ್ಟುವಂಥದ್ದು. "ಮೀಸೆ ಬಂದವರಿಗೆ ಕಾಯಿ ಕಟ್ಟುತ್ತೀಯಾ? ನಾನು ಇರುವಾಗ ಎಂಥ ಹೆದರಿಕೆ?"

"ಹಡಗಿನಲ್ಲಿ ಯಾರಾದರೂ ನೀರಿಗೆ ಬಿದ್ದರೆ ನಾವು ಹಾರುವುದಿಲ್ಲ ಭೋಜ. ಮೊದಲು ತೇಲುವಂಥದ್ದು ಎಸೀತೇವೆ."

ಪದ್ಮಾಕ್ಷಿ ಗೊಣಗುತ್ತಲೇ ಹಗ್ಗ ಬಿಚ್ಚಿ, ಎರಡು ಕಾಯಿಯೊಂದಿಗೆ ಕೊಟ್ಟಳು. ಗಂಡನಿಗೆ, "ತಮ್ಮನ ಮೇಲೆ ಕಣ್ಣಿರಲಿ. ಅಮ್ಮನಿಗೆ ಇರುವುದು ಅವನೊಬ್ಬ" ಎಂದಳು.

ಲಾಯಿಲ ದಾಟಿ, ಘಾಟಿ ಹತ್ತಿ, ಕಾರು ಬಿಟ್ಟು, ಹಗ್ಗ, ಕಾಯಿ ಹೊತ್ತು ಗುಡ್ಡ ಏರಿದಾಗ ಮಧ್ಯಾಹ್ನ. ಕೆರೆ ಕನ್ನಡಿಯ ಹಾಗೆ ಮಲಗಿತ್ತು. ನೋಡಿದವನಿಗೆ ಇಳಿಯದೆ ಇರಲು ಆಗುವುದಿಲ್ಲ. ಧರ್ಣಪ್ಪ ಇಳಿದೇಬಿಟ್ಟ. ನಮ್ಮ ಹೊಳೆಯ ನೀರಿನಂತೆ ಬೆಚ್ಚಗಿನ ನೀರಲ್ಲ ಅದು, ಮೂಳೆ ಕೊರೆಯುವ ತಂಪು. ಅಡಿಯಲ್ಲಿ ದಟ್ಟ ಪಾಚಿಬಳ್ಳಿ. ನಡುವಿನ ಕಡೆ ಹೋದವನ ಕಾಲಿಗೆ ಬಳ್ಳಿ ಸುತ್ತಿಕೊಂಡಿತು. "ಭಾವ" ಎಂದು ಒಮ್ಮೆ ಕೂಗಿದ. ಆಮೇಲೆ ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು.

ಭೋಜ ಅಂಗಿ ಕಿತ್ತೆಸೆದು ಓಡಿದ. ಇಬ್ರಾಹಿಂ ಹಿಂದಿನಿಂದ ಅವನ ಸೊಂಟ ಹಿಡಿದ.

"ಬಿಡು. ಅವನು ಸಾಯ್ತಾನೆ."

"ನೀನು ಹಾರಿದರೆ ಇಬ್ಬರೂ ಸಾಯ್ತೀರಿ. ಹಗ್ಗದ ತುದಿ ಹಿಡಿದು ಕೂತುಕೋ, ಕಾಲು ಬಂಡೆಗೆ ಕೊಡು."

ಭೋಜನಿಗೆ ಸಿಟ್ಟಿನಲ್ಲಿ ಕಣ್ಣು ಕಾಣಲಿಲ್ಲ. ಆದರೂ ಕೂತ. ಇಬ್ರಾಹಿಂ ಹಗ್ಗದ ಇನ್ನೊಂದು ತುದಿಗೆ ಕಾಯಿಗಳನ್ನು ಬಿಗಿದು ಬೀಸಿ ಎಸೆದ. ಅವು ಈಚೆಗೇ ಬಿದ್ದವು. ಎಳೆದುಕೊಂಡು, ಈ ಸಲ ಧರ್ಣಪ್ಪನ ತಲೆಯ ಆಚೆಗೆ ಬೀಳುವಂತೆ ಎಸೆದು, ಹಗ್ಗವನ್ನು ಮೆಲ್ಲಗೆ ತನ್ನ ಕಡೆ ತಂದ. "ಕಾಯಿ ಹಿಡಿ, ಧರ್ಣಪ್ಪ, ಕಾಯಿ ಹಿಡಿ" ಎಂದು ಕೂಗುತ್ತಲೇ ಇದ್ದ. ಮುಳುಗುತ್ತಿದ್ದ ಕೈಗೆ ಕಾಯಿ ಸಿಕ್ಕಿತು. ಇಬ್ಬರೂ ಸೇರಿ ಎಳೆದರು. ಬಳ್ಳಿ ಹರಿಯಿತು, ಹುಡುಗ ದಡಕ್ಕೆ ಬಂದ.

ನೀರು ಕಕ್ಕಿ ಉಸಿರಾಡಿದ ಮೇಲೂ ಧರ್ಣಪ್ಪ ಕಾಯಿ ಬಿಡಲಿಲ್ಲ, ಬಿಡಲು ಅವನಿಗೆ ಆಗುತ್ತಿರಲಿಲ್ಲ. ಭೋಜ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಕಾಯಿಯ ಸಿಪ್ಪೆಯಲ್ಲಿ ಉಗುರುಗಳು ಆಳಕ್ಕೆ ಇಳಿದಿದ್ದವು, ನಾರು ಕಿತ್ತು ಬಂದಿತ್ತು.

"ಎಂಥ ಹಿಡಿದಿದ್ದೆ ಅಂತ ನನಗೆ ಗೊತ್ತಿಲ್ಲ ಭಾವ. ಕೈಗೆ ಸಿಕ್ಕಿದ್ದನ್ನು ಹಿಡಿದೆ" ಎಂದ ಧರ್ಣಪ್ಪ.

ಭೋಜ ಕಾಯಿ ನೋಡಿದ. ಅರಿವಿಲ್ಲದೆಯೇ ಅವನ ಕೈ ತನ್ನ ಕುತ್ತಿಗೆಗೆ ಹೋಯಿತು.

ದಾರಿಯುದ್ದಕ್ಕೂ ಭೋಜ ಆ ಕಾಯಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದ. ಮನೆ ತಲುಪಿದಾಗ ಪದ್ಮಾಕ್ಷಿ, "ಇಡೀ ದಿನ ಪಕ್ಕದ ಮನೆಯ ನೀರು ಹೊತ್ತೆ" ಎಂದು ಬೈಯಲು ಬಂದಳು. ಭೋಜ ಕಾಯಿಯನ್ನು ಅವಳ ಕೈಯಲ್ಲಿಟ್ಟು ನಡೆದದ್ದನ್ನೆಲ್ಲ ಹೇಳಿದ. ಅವಳು ಉಗುರಿನ ಗುರುತುಗಳನ್ನು ಸವರಿ ನೋಡಿದಳು. ತಮ್ಮನನ್ನು ನೋಡಿದಳು, ಗಂಡನ ಕುತ್ತಿಗೆ ನೋಡಿದಳು. ಆಮೇಲೆ ಅತ್ತಳು.

"ಬಾವಿಗೆ ಬೇರೆ ಹಗ್ಗ ತನ್ನಿ. ಇದು ಊರ ಕೆರೆಗೆ" ಎಂದಳು.

ಮರುದಿನ ಭೋಜನೇ ಆ ಹಗ್ಗವನ್ನು ಕಾಯಿಗಳ ಸಮೇತ ಕೆರೆಕಟ್ಟೆಯ ಮರಕ್ಕೆ ತೂಗುಹಾಕಿದ. ಈಗ ಊರ ಮಕ್ಕಳಿಗೆ ಅದನ್ನು ಎಸೆಯಲು ಕಲಿಸುವವನೂ ಅವನೇ.

ಅಣ್ಣಂದಿರೇ, ಅಕ್ಕಂದಿರೇ, ಮುಳುಗುವವನು ನೆಂಟನನ್ನೂ ಗುರುತಿಸುವುದಿಲ್ಲ. ಅವನ ಬಳಿಗೆ ಹಾರಬೇಡಿ. ಜನರನ್ನು ಕೂಗಿ ಕರೆಯಿರಿ. ಒಣಕಾಯಿ ಕಟ್ಟಿದ ಹಗ್ಗವನ್ನು ಅವನ ಆಚೆಗೆ ಎಸೆದು, ನೀವು ಕೂತು ಎಳೆಯಿರಿ. ಹಗ್ಗ ಇಲ್ಲದಿದ್ದರೆ ಉದ್ದ ಕೋಲು ನೀಡಿ, ಉಟ್ಟ ಮುಂಡು, ಸೀರೆ ಬಿಚ್ಚಿ ಎಸೆಯಿರಿ. ನಾಚಿಕೆ ಆಮೇಲೆ.

ನಿಮ್ಮೂರ ಕೆರೆಯ ಮರದಲ್ಲಿ ಹಗ್ಗ ಉಂಟೇ? ಇವತ್ತು ಸಂಜೆ ಹೋಗಿ ನೋಡಿ. ಇಲ್ಲದಿದ್ದರೆ ನಿಮ್ಮ ಮನೆಯ ಬಾವಿಯಲ್ಲಿ ಖಂಡಿತ ಇರುತ್ತದೆ.